ಕೆಟ್ಟು ನಿಂತ ಕಾರು, ನಿಂತು ಕೇಳುವ ಜನ

ಜರ್ಮನಿಯಲ್ಲಿ ನಾಲ್ಕು ಕನ್ನಡಿಗರು ಸೇರಿ ರಸ್ತೆಯ ಮಾತು ತೆಗೆದರೆ ಒಂದು ದೂರು ಬಂದೇ ಬರುತ್ತದೆ. ಇಲ್ಲಿ ಗಾಡಿ ಕೆಟ್ಟು ನಿಂತರೆ ಒಬ್ಬರೂ ತಿರುಗಿ ನೋಡುವುದಿಲ್ಲ, ನಮ್ಮೂರಲ್ಲಾಗಿದ್ದರೆ ಬಾನೆಟ್ ಎತ್ತಿದ ಎರಡೇ ನಿಮಿಷಕ್ಕೆ ಜನ ಸೇರುತ್ತಿದ್ದರು, ಅಂತ. ಎರಡನೇ ಮಾತು ಅಪ್ಪಟ ನಿಜ. ಹುಬ್ಬಳ್ಳಿ ಕಡೆ ‘ಏನಾತ್ರೀ ಸರ?’, ಮಂಡ್ಯದ ಕಡೆ ‘ಏನಾಯ್ತಣ್ಣ?’, ಪುತ್ತೂರು ಸುಳ್ಯದ ಕಡೆ ‘ಎಂತಾಯ್ತು ಮಾರಾಯ್ರೆ?’. ಕೇಳುವ ಧಾಟಿ ಬೇರೆಬೇರೆ, ಬೈಕಿನ ಸ್ಟ್ಯಾಂಡ್ ಹಾಕಿ ಇಳಿಯುವ ರೀತಿ ಒಂದೇ. ನನ್ನ ತಕರಾರಿರುವುದು ಮೊದಲನೇ ಮಾತಿನ ಬಗ್ಗೆ. ಯಾರು ನಿಲ್ಲುತ್ತಾರೆ, ಯಾರು ನಿಲ್ಲುವುದಿಲ್ಲ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ರಸ್ತೆ. ಮನಸ್ಸಿನ ಪಾಲು ನಾವು ಅಂದುಕೊಂಡಷ್ಟಿಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಇದು ನಮ್ಮವರಿಗೂ ಅರ್ಥವಾಗತೊಡಗಿದೆ.

ಜರ್ಮನಿಯ ಆಟೋಬಾನ್ ಅಂದರೆ ವೇಗದ ಹೆದ್ದಾರಿ, ಅಲ್ಲಿ ಗಾಡಿ ನಿಲ್ಲಿಸುವುದೇ ನಿಷಿದ್ಧ. ಅಂಚಿನ ಪಟ್ಟಿಯಲ್ಲೂ ನಿಲ್ಲುವಂತಿಲ್ಲ. ಕೆಟ್ಟ ಗಾಡಿಗೆ ಮಾತ್ರ ಅಲ್ಲಿ ಜಾಗ. ಪೆಟ್ರೋಲ್ ಖಾಲಿಯಾಗಿ ನಿಂತರೆ ಅದನ್ನು ಕೆಟ್ಟದ್ದು ಅಂತ ಒಪ್ಪುವುದಿಲ್ಲ, ಮೊದಲೇ ನೋಡಿಕೊಳ್ಳಬಹುದಿತ್ತಲ್ಲ ಅಂತ ದಂಡ ಹಾಕಬಹುದು. ಅನೇಕ ಭಾಗಗಳಲ್ಲಿ ವೇಗಮಿತಿಯೇ ಇಲ್ಲ, ಸಲಹೆಯ ವೇಗ ಗಂಟೆಗೆ 130 ಕಿ.ಮೀ. ಅಂದರೆ ಸೆಕೆಂಡಿಗೆ 36 ಮೀಟರ್. ಈ ವೇಗದಲ್ಲಿ ಬರುವವನು ನಿಮ್ಮನ್ನು ಕಂಡು, ಮರುಗಿ, ಬ್ರೇಕ್ ಒತ್ತಿ ನಿಂತರೆ ಅವನ ಹಿಂದೆ ಬರುತ್ತಿರುವ ಲಾರಿ ಏನು ಮಾಡಬೇಕು? ಅಂಥ ಕಡೆ ಒಂದು ನಿಂತ ಗಾಡಿಯ ಜೊತೆಗೆ ಇನ್ನೊಂದು ಸೇರಿದರೆ ಅಪಾಯ ಎರಡಾಗುತ್ತದೆ. ಹಾಗಾಗಿ ನಿಲ್ಲದೆ ಹೋಗುವವನು ಮಾಡಬಹುದಾದ ಉಪಕಾರ ಒಂದೇ: ಪಕ್ಕದ ಲೇನ್ ಖಾಲಿ ಇದ್ದರೆ ಅದಕ್ಕೆ ಸರಿದು ನಿಮಗೆ ಜಾಗ ಬಿಡುವುದು. ಗಮನಿಸಿ ನೋಡಿದರೆ ಹೆಚ್ಚಿನವರು ಅದನ್ನು ಮಾಡುತ್ತಾರೆ. ನಮ್ಮವರಿಗೆ ಅದು ಉಪಕಾರ ಅಂತ ಅನಿಸುವುದಿಲ್ಲ, ಅಷ್ಟೆ.

ಅದೇ ಜರ್ಮನಿಯಲ್ಲಿ ಹೆದ್ದಾರಿಯಿಂದಿಳಿದು ಹಳ್ಳಿ ದಾರಿಗೆ ಬನ್ನಿ. ಟ್ರ್ಯಾಕ್ಟರಿನವರು ನಿಲ್ಲಿಸುತ್ತಾರೆ, ನಾಯಿ ಹಿಡಿದು ಹೊರಟ ಅಜ್ಜ ನಿಲ್ಲುತ್ತಾರೆ, ಯಾರದೋ ಗ್ಯಾರೇಜಿನಿಂದ ಜಂಪ್ ಕೇಬಲ್ ಬರುತ್ತದೆ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು.

ಈಗ ನಮ್ಮ ಕಡೆ ನೋಡೋಣ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದದ್ದು 2023ರ ಮಾರ್ಚ್‌ನಲ್ಲಿ. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಸರಿಯಾದ ಕ್ರಮವೇ. ಆದರೆ ಹಳೇ ಮೈಸೂರು ರಸ್ತೆಯಲ್ಲಿ ‘ಏನಾಯ್ತಣ್ಣ?’ ಅಂತ ಮೊದಲು ಕೇಳುತ್ತಿದ್ದವರು ಯಾರು? ಬೈಕಿನಲ್ಲಿ ಹಾಲಿನ ಕ್ಯಾನ್ ಒಯ್ಯುವವರು, ಆಟೋದವರು, ರಸ್ತೆ ಬದಿಯ ಎಳನೀರಿನವರು. ಇವರೆಲ್ಲ ಈಗ ಬೇಲಿಯ ಆಚೆ, ಸರ್ವೀಸ್ ರೋಡಿನಲ್ಲಿದ್ದಾರೆ. ಬೇಲಿಯೊಳಗೆ ಉಳಿದವರು ಗಂಟೆಗೆ 100 ಕಿ.ಮೀ. ವೇಗದ ಕಾರಿನವರು, ಅವರು ಜರ್ಮನ್ನರ ಹಾಗೆಯೇ ಹೋಗುತ್ತಾರೆ. ಮಂಡ್ಯದ ಜನ ಬದಲಾಗಿಲ್ಲ, ಅವರಿಗೂ ನಿಮಗೂ ನಡುವೆ ಒಂದು ಬೇಲಿ ಬಂದಿದೆ. ಅಂಥ ರಸ್ತೆಯಲ್ಲಿ ಹಳೇ ರೂಢಿಯಂತೆ ಕೈಬೀಸಿ ಗಾಡಿ ತಡೆಯುವುದು, ಸಹಾಯ ಹುಡುಕಿಕೊಂಡು ಬೇಲಿ ಹಾರಿ ರಸ್ತೆ ದಾಟುವುದು ಎರಡೂ ಜೀವಕ್ಕೆ ಅಪಾಯ. ಗಾಡಿ ಇನ್ನೂ ಉರುಳುತ್ತಿದ್ದರೆ ನಿಧಾನವಾಗಿ ಮುಂದಿನ ಎಕ್ಸಿಟ್‌ವರೆಗೆ ಅಥವಾ ಟೋಲ್‌ವರೆಗೆ ಒಯ್ಯಬೇಕು. ಪಂಕ್ಚರ್ ಆದ ಟೈರಿನಲ್ಲೇ ನೂರಿನ್ನೂರು ಮೀಟರ್ ಉರುಳಿಸಿದರೆ ಟೈರ್ ಹಾಳಾಗಬಹುದು. ಆಗಲಿ, ಜಾಗ ಸರಿಯಾಗಿರುವುದು ಮುಖ್ಯ.

ನಿಂತ ಮೊದಲ ಐದು ನಿಮಿಷದ ಕೆಲಸ ಎರಡೂ ದೇಶಗಳಲ್ಲಿ ಒಂದೇ, ಬದಿ ಮಾತ್ರ ಅದಲುಬದಲು. ನಾಲ್ಕೂ ಇಂಡಿಕೇಟರ್ ಹಾಕಿ, ಆದಷ್ಟು ಅಂಚಿಗೆ ತೆಗೆದುಕೊಂಡು, ಮುಂದಿನ ಚಕ್ರಗಳನ್ನು ರಸ್ತೆಯ ಹೊರಬದಿಗೆ ತಿರುಗಿಸಿ ನಿಲ್ಲಿಸಬೇಕು. ಹಿಂದಿನಿಂದ ಯಾರಾದರೂ ಗುದ್ದಿದರೆ ಕಾರು ರಸ್ತೆಯ ಮಧ್ಯಕ್ಕೆ ನುಗ್ಗಬಾರದು. ಜರ್ಮನಿಯಲ್ಲಿ ಡ್ರೈವರ್ ಎಡಕ್ಕೆ ಕೂರುವುದರಿಂದ ಬಲಗಡೆ ಬಾಗಿಲಿನಿಂದ ಇಳಿಯಬೇಕು, ನಮ್ಮಲ್ಲಿ ಡ್ರೈವರ್ ಬಲಕ್ಕಿರುವುದರಿಂದ ಎಡಗಡೆಯಿಂದ. ಗೇರ್ ದಾಟಿಕೊಂಡು ಪಕ್ಕದ ಸೀಟಿಗೆ ಹೋಗುವುದು ಫಜೀತಿಯೇ. ಆದರೂ ಓಡುವ ಗಾಡಿಗಳ ಬದಿಗೆ ಬಾಗಿಲು ತೆರೆಯುವುದಕ್ಕಿಂತ ಅದು ಲೇಸು. ಆಟೋಬಾನ್‌ನ ಅಂಚಿನ ಪಟ್ಟಿ ಸುಮಾರು 2.5ರಿಂದ 3 ಮೀಟರ್ ಅಗಲ, ಕಾರು ಪೂರ್ತಿ ಹಿಡಿಸುತ್ತದೆ. ನಮ್ಮ ಹೆದ್ದಾರಿಗಳಲ್ಲಿ ಹಲವೆಡೆ ಡಾಂಬರಿನ ಅಂಚು ಒಂದೂವರೆ ಮೀಟರ್ ಮಾತ್ರ, ಕಾರಿನ ಅಗಲ ಅದಕ್ಕಿಂತ ಹೆಚ್ಚು. ಅಂದರೆ ನಮ್ಮಲ್ಲಿ ಅಂಚಿಗೆ ನಿಲ್ಲಿಸಿದ ಕಾರೂ ಸ್ವಲ್ಪ ರಸ್ತೆಯೊಳಗೇ ಇರುತ್ತದೆ. ಹಾಗಾಗಿ ಒಳಗೆ ಕೂತು ಫೋನ್ ಮಾಡುವುದು ತಪ್ಪು. ಎಲ್ಲರನ್ನೂ ಇಳಿಸಿ, ತಡೆಬೇಲಿ ಇದ್ದರೆ ಅದರ ಆಚೆಗೆ, ಇಲ್ಲದಿದ್ದರೆ ಮಣ್ಣಿನ ದಿಣ್ಣೆಯ ಮೇಲೆ ನಿಲ್ಲಿಸಬೇಕು. ನಿಲ್ಲುವುದೂ ಕಾರಿನ ಮುಂದೆ ಅಲ್ಲ, ಗುದ್ದಿದ ಕಾರು ಮುಂದಕ್ಕೇ ಚಿಮ್ಮುತ್ತದೆ.

ಹೊಳೆಯುವ ಜಾಕೆಟ್ ಜರ್ಮನಿಯಲ್ಲಿ 2014ರ ಜುಲೈ 1ರಿಂದ ಪ್ರತಿ ಕಾರಿನಲ್ಲಿ ಕಡ್ಡಾಯ. ಅದನ್ನು ಡಿಕ್ಕಿಯಲ್ಲಿ ಇಟ್ಟರೆ ಇಳಿದು ಹುಡುಕಬೇಕಾಗುತ್ತದೆ, ಆಗ ಅದರ ಉದ್ದೇಶವೇ ಕೆಟ್ಟಿತು. ಬಾಗಿಲಿನ ಖಾನೆಯಲ್ಲಿರಬೇಕು, ಹಾಕಿಕೊಂಡೇ ಇಳಿಯಬೇಕು. ಎಚ್ಚರಿಕೆ ತ್ರಿಕೋನ ನಮ್ಮಲ್ಲೂ ಹೊಸ ಕಾರಿನ ಜೊತೆಗೇ ಬರುತ್ತದೆ. ಡಿಕ್ಕಿಯ ತಳದಲ್ಲಿ ಪ್ಲಾಸ್ಟಿಕ್ ಸಹಿತ ಮಲಗಿರುತ್ತದೆ, ಕಾರು ಮಾರುವಾಗಲೂ ಹಾಗೇ ಹೋಗುತ್ತದೆ. ಎಷ್ಟು ದೂರ ಇಡಬೇಕು ಅನ್ನುವುದರಲ್ಲೇ ಬಹಳ ಮಂದಿ ಎಡವುವುದು. ಹತ್ತು ಹೆಜ್ಜೆ ಹಿಂದೆ ಇಟ್ಟರೆ ಇಟ್ಟೂ ಇಡದ ಹಾಗೆ. 100 ಕಿ.ಮೀ. ವೇಗಕ್ಕೆ 150 ಮೀಟರ್ ಅಂತರ ಅಂದರೆ ಬರುವವನಿಗೆ ಸಿಗುವುದು ಬರೀ ಐದು ಸೆಕೆಂಡ್. ಆಟೋಬಾನ್‌ನಲ್ಲಿ ಅಂಚಿನ ಪ್ರತಿಫಲಕ ಕಂಬಗಳು 50 ಮೀಟರಿಗೊಂದು ಇರುತ್ತವೆ, ಮೂರು ಕಂಬ ಎಣಿಸಿದರೆ ಲೆಕ್ಕ ಸರಿ. ನಮ್ಮಲ್ಲಿ ಹೆಜ್ಜೆ ಎಣಿಸಬೇಕು, ಇನ್ನೂರು ದೊಡ್ಡ ಹೆಜ್ಜೆ ಸಾಕು. ಹೋಗುವಾಗ ತ್ರಿಕೋನವನ್ನು ಎದೆಯ ಮುಂದೆ ಹಿಡಿದು, ಎದುರು ಬರುವ ಗಾಡಿಗಳಿಗೆ ಕಾಣುವಂತೆ, ಬೇಲಿಯ ಆಚೆಯಿಂದಲೇ ನಡೆಯಬೇಕು. ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಾಟಿಗಳಲ್ಲಿ ಮೀಟರ್ ಲೆಕ್ಕ ಕೆಲಸಕ್ಕೆ ಬಾರದು. ತಿರುವಿನ ಒಳಗೆ ನಿಂತಿದ್ದರೆ ತ್ರಿಕೋನ ತಿರುವಿಗೆ ಮೊದಲೇ ಕಾಣಬೇಕು.

ತ್ರಿಕೋನದ ಜಾಗದಲ್ಲಿ ನಮ್ಮ ಲಾರಿಯವರು ಕಲ್ಲು ಇಡುತ್ತಾರೆ, ಸೊಪ್ಪಿನ ಕೊಂಬೆ ಮುರಿದು ಹಾಕುತ್ತಾರೆ. ನಗುವ ವಿಷಯವಲ್ಲ. ಹಗಲಿನಲ್ಲಿ ಹಸಿರು ಕೊಂಬೆ ದೂರಕ್ಕೆ ಚೆನ್ನಾಗಿಯೇ ಕಾಣುತ್ತದೆ, ಅದರ ಅರ್ಥವೂ ನಮ್ಮ ಪ್ರತಿ ಡ್ರೈವರಿಗೆ ಗೊತ್ತು. ರಾತ್ರಿ ಮಾತ್ರ ಅದು ಏನಕ್ಕೂ ಆಗುವುದಿಲ್ಲ. ಕಲ್ಲಂತೂ ಬೈಕಿನವರ ಪಾಲಿಗೆ ಯಮ.

ಇನ್ನು ಯಾರನ್ನು ಕರೆಯುವುದು. ಜರ್ಮನಿಯ ವ್ಯವಸ್ಥೆ ನಿಂತಿರುವುದು ಸದಸ್ಯತ್ವದ ಮೇಲೆ. 1903ರಲ್ಲಿ ಶುರುವಾದ ಎಡಿಎಸಿ ಎಂಬ ವಾಹನ ಸವಾರರ ಸಂಘಕ್ಕೆ ಎರಡು ಕೋಟಿಗೂ ಹೆಚ್ಚು ಸದಸ್ಯರಿದ್ದಾರೆ. ಅದರ ಹಳದಿ ಗಾಡಿಯಲ್ಲಿ ಬರುವ ಮೆಕ್ಯಾನಿಕ್‌ಗಳಿಗೆ ಜನ ಇಟ್ಟ ಹೆಸರೇ ‘ಹಳದಿ ದೇವದೂತರು’. ವರ್ಷಕ್ಕೊಮ್ಮೆ ಚಂದಾ ಕಟ್ಟಿದವರ ಹತ್ತಿರ ಬಂದು, ಸಾಧ್ಯವಾದರೆ ಅಲ್ಲೇ ರಿಪೇರಿ ಮಾಡಿ, ಇಲ್ಲದಿದ್ದರೆ ಎಳೆದೊಯ್ಯುತ್ತಾರೆ. ಮೊಬೈಲ್ ಸತ್ತಿದ್ದರೂ ದಾರಿ ಇದೆ. ಆಟೋಬಾನ್‌ನಲ್ಲಿ ಸುಮಾರು ಎರಡು ಕಿ.ಮೀ.ಗೊಂದು ಕಿತ್ತಳೆ ಬಣ್ಣದ ತುರ್ತು ಫೋನ್ ಕಂಬವಿದೆ, ಅದು ಯಾವ ದಿಕ್ಕಿಗೆ ಹತ್ತಿರ ಎಂಬುದನ್ನು ಅಂಚಿನ ಕಂಬಗಳ ಮೇಲಿನ ಪುಟ್ಟ ಕಪ್ಪು ಬಾಣ ತೋರಿಸುತ್ತದೆ. ಅಲ್ಲಿಂದ ಮಾತಾಡಿದರೆ ನೀವೆಲ್ಲಿದ್ದೀರಿ ಎಂದು ಹೇಳಬೇಕಾಗಿಯೇ ಇಲ್ಲ.

ನಮ್ಮಲ್ಲಿ ರಾಷ್ಟ್ರೀಯ ಹೆದ್ದಾರಿಗೆ 1033 ಎಂಬ ಸಹಾಯವಾಣಿ ಇದೆ, ಹಗಲು ರಾತ್ರಿ ಎರಡೂ ಹೊತ್ತು. ಟೋಲ್ ಇರುವ ರಸ್ತೆಗಳಲ್ಲಿ ಗಸ್ತು ಗಾಡಿ, ಕ್ರೇನ್, ಆಂಬುಲೆನ್ಸ್ ಇಟ್ಟಿರುತ್ತಾರೆ. ಎಷ್ಟೋ ಜನ ವರ್ಷಗಟ್ಟಲೆ ಟೋಲ್ ಕಟ್ಟಿಯೂ ಈ ನಂಬರ್ ಕಂಡಿಲ್ಲ. ಕರೆಯುವ ಮುಂಚೆ ನೀವಿರುವುದು ರಾಷ್ಟ್ರೀಯ ಹೆದ್ದಾರಿಯೋ ಅಲ್ಲವೋ ತಿಳಿಯಬೇಕಲ್ಲ. ಮೈಲಿಗಲ್ಲಿನ ತಲೆ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಕಲ್ಲಿನ ಮೇಲಿರುವ ಕಿ.ಮೀ. ಸಂಖ್ಯೆ, ಯಾವ ಊರ ಕಡೆಗೆ ಹೊರಟ ಬದಿ, ಈ ಎರಡನ್ನು ಹೇಳಿದರೆ ಗಾಡಿ ಸರಿಯಾದ ಬದಿಗೆ ಬರುತ್ತದೆ. ನಡುವೆ ಡಿವೈಡರ್ ಇರುವ ರಸ್ತೆಯಲ್ಲಿ ಆಚೆ ಬದಿಗೆ ಬಂದರೆ ಸುತ್ತಿ ಬರಲು ಹತ್ತಾರು ಕಿ.ಮೀ. ಬೇಕು. ಜೀವಕ್ಕೆ ಅಪಾಯವಾದಾಗ ಮಾತ್ರ ಲೆಕ್ಕ ಸುಲಭ, ಎರಡೂ ದೇಶದಲ್ಲಿ 112.

ಫೋನ್ ಸಿಗ್ನಲ್ಲೇ ಇಲ್ಲದ ಘಾಟಿಯಲ್ಲಿ ನಮ್ಮ ಹಳೇ ಪದ್ಧತಿ ಈಗಲೂ ಎಲ್ಲಕ್ಕಿಂತ ಮೇಲು. ಬಸ್ ಕಂಡಕ್ಟರ್ ಕೈಯಲ್ಲೋ ಲಾರಿ ಡ್ರೈವರ್ ಕೈಯಲ್ಲೋ ಮುಂದಿನ ಊರಿನ ಮೆಕ್ಯಾನಿಕ್‌ಗೆ ಹೇಳಿಕಳಿಸುವುದು. ಬಾಯಲ್ಲಿ ಹೇಳಿದರೆ ‘ಒಂದು ಬಿಳೀ ಕಾರು ನಿಂತಿದೆ’ ಅನ್ನುವಷ್ಟೇ ತಲುಪುತ್ತದೆ. ಮೆಕ್ಯಾನಿಕ್ ಬರಿಗೈಲಿ ಬಂದು ನೋಡಿ, ಸಾಮಾನು ತರಲು ಮತ್ತೆ ವಾಪಸ್ ಹೋಗುತ್ತಾನೆ, ಅರ್ಧ ದಿನ ಅಲ್ಲಿಗೆ ಮುಗಿಯಿತು. ಚೀಟಿಯಲ್ಲಿ ಬರೆದು ಕೊಡಿ: ಕಾರಿನ ಹೆಸರು, ಯಾವ ವರ್ಷದ್ದು, ಪೆಟ್ರೋಲೋ ಡೀಸೆಲೋ, ಎಷ್ಟನೇ ಕಿ.ಮೀ. ಕಲ್ಲು, ಏನು ತೊಂದರೆ. ತೊಂದರೆಯನ್ನು ನಿಮ್ಮ ಊಹೆಯಾಗಿ ಬರೆಯಬೇಡಿ, ಕಂಡದ್ದನ್ನು ಬರೆಯಿರಿ. ‘ಇಂಜಿನ್ ಹೋಗಿದೆ’ ಅಂತ ಬರೆದರೆ ಅವನಿಗೆ ಏನೂ ತಿಳಿಯದು. ‘ಬಿಸಿ ಮುಳ್ಳು ಮೇಲೇರಿತು, ಬಾನೆಟ್‌ನಿಂದ ಹಬೆ ಬಂತು, ಕೆಳಗೆ ಹಸಿರು ನೀರು ಸೋರಿದೆ’ ಅಂತ ಬರೆದರೆ ಹೋಸ್ ಪೈಪ್, ಕ್ಲಿಪ್, ಕೂಲಂಟ್ ಹಿಡಿದುಕೊಂಡೇ ಬರುತ್ತಾನೆ.

ನಮ್ಮವರ ಒಳ್ಳೆಯತನ ಅಡ್ಡದಾರಿ ಹಿಡಿಯುವುದು ಇಲ್ಲಿಂದ ಮುಂದೆ. ಬಂದ ನಾಲ್ವರಿಗೂ ಸಹಾಯ ಮಾಡುವ ಆಸೆ ಇದೆ, ಅವರಲ್ಲಿ ಒಬ್ಬರಿಗೆ ಗಾಡಿ ಗೊತ್ತು, ಉಳಿದ ಮೂವರಿಗೆ ಧೈರ್ಯ ಗೊತ್ತು. ಹಬೆ ಏಳುವ ಕಾರು ಕಂಡ ಕೂಡಲೇ ಬಾಟಲಿ ನೀರು ಹಿಡಿದು ಓಡಿ ಬರುವುದು ದೊಡ್ಡ ಮನಸ್ಸು. ಆ ನೀರನ್ನು ಕೊಡುವಾಗ ಕೈ ಮುಗಿದು ತೆಗೆದುಕೊಳ್ಳಿ, ಅರ್ಧ ಗಂಟೆ ಪಕ್ಕಕ್ಕಿಡಿ. ರೇಡಿಯೇಟರ್ ಒಳಗಿನ ನೀರು ಮುಚ್ಚಳದ ಒತ್ತಡದಿಂದಾಗಿ ನೂರು ಡಿಗ್ರಿ ದಾಟಿಯೂ ಕುದಿಯದೆ ಕೂತಿರುತ್ತದೆ. ಸುಮಾರು ಒಂದು ಬಾರ್ ಒತ್ತಡ, 120 ಡಿಗ್ರಿ ಹತ್ತಿರದ ಬಿಸಿ. ಮುಚ್ಚಳ ತೆಗೆದ ಗಳಿಗೆಗೆ ಒತ್ತಡ ಇಳಿದು ಅಷ್ಟೂ ನೀರು ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ಕಾದ ಇಂಜಿನ್ ಮೇಲೆ ತಣ್ಣೀರು ಸುರಿದರೆ ಅದರ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ಅಷ್ಟಕ್ಕೆ ಮುನ್ನೂರು ರೂಪಾಯಿಯ ಹೋಸ್ ಪೈಪಿನ ಕೆಲಸ ಇಂಜಿನ್ ಇಳಿಸುವ ಕೆಲಸವಾಗುತ್ತದೆ. ಮೇಲಿನ ಹೋಸ್ ಪೈಪನ್ನು ದಪ್ಪ ಬಟ್ಟೆ ಸುತ್ತಿ ಹಿಸುಕಿ ನೋಡಿ. ಗಟ್ಟಿಯಾಗಿದ್ದರೆ ಒತ್ತಡ ಇನ್ನೂ ಇದೆ, ಮೆತ್ತಗಾಗಿದ್ದರೆ ಮುಚ್ಚಳವನ್ನು ಸ್ವಲ್ಪವೇ ತಿರುಗಿಸಿ ಗಾಳಿ ಹೋಗಲು ಬಿಟ್ಟು ಆಮೇಲೆ ತೆಗೆಯಬೇಕು.

ಕಾಯುವ ಆ ಅರ್ಧ ಗಂಟೆಯಲ್ಲಿ ಕಾರಣ ಹುಡುಕಬಹುದು. ಬೆಲ್ಟ್ ಇದೆಯೇ, ಹೋಸ್ ಒಡೆದಿದೆಯೇ, ಕೂಲಂಟ್ ಡಬ್ಬಿ ಖಾಲಿಯೇ. ತಣ್ಣಗಾಗಿ ನೀರು ತುಂಬಿದ ಮೇಲೆ ಇಂಜಿನ್ ಶುರು ಮಾಡಿ ಎ.ಸಿ. ಹಾಕಿದರೆ ಮುಂದಿನ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸೋ ರಿಲೇಯೋ ಮೋಟಾರೋ ಹೋಗಿದೆ. ಅಂಥ ಗಾಡಿಯನ್ನು ಹತ್ತಿರದ ಊರಿಗೆ ಒಯ್ಯಲೇಬೇಕಾದರೆ ಎ.ಸಿ. ಬಂದ್ ಮಾಡಿ, ಹೀಟರನ್ನು ಪೂರ್ತಿ ಹಾಕಿ, ಕಿಟಕಿ ಇಳಿಸಿಕೊಂಡು, ಮುಳ್ಳು ನೋಡುತ್ತಾ ಹೋಗಬೇಕು. ಹೀಟರ್ ಅನ್ನುವುದು ಇನ್ನೊಂದು ಪುಟ್ಟ ರೇಡಿಯೇಟರೇ. ಬರೀ ಬೋರ್‌ವೆಲ್ ನೀರಿನಲ್ಲೇ ತಿಂಗಳುಗಟ್ಟಲೆ ಓಡಿಸಿದರೆ ಒಳಗೆ ಸುಣ್ಣ ಕಟ್ಟುತ್ತದೆ, ಊರಿಗೆ ಮುಟ್ಟಿದ ಮೇಲೆ ಅದನ್ನು ಚೆಲ್ಲಿ ಕೂಲಂಟ್ ಮತ್ತು ಶುದ್ಧೀಕರಿಸಿದ ನೀರನ್ನು ಸಮಪಾಲು ಹಾಕಿಸಬೇಕು. ಘಾಟಿ ಇಳಿಯುವಾಗ ಚಕ್ರದಿಂದ ಹೊಗೆ ಬಂದರೂ ಅಷ್ಟೇ, ಬ್ರೇಕಿಗೆ ನೀರು ಹೊಡೆಯಲು ಬಿಡಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ. ನಿಲ್ಲಿಸಿ ಆರಲು ಬಿಟ್ಟು, ಉಳಿದ ಇಳಿಜಾರನ್ನು ಎರಡನೇ ಗೇರಿನಲ್ಲಿ ಇಳಿಯಬೇಕು.

ಬ್ಯಾಟರಿಯ ಕತೆ ಎರಡೂ ಕಡೆ ದೊಡ್ಡದು. ಎಡಿಎಸಿಗೆ ಬರುವ ಕರೆಗಳಲ್ಲಿ ಹತ್ತಕ್ಕೆ ನಾಲ್ಕಕ್ಕೂ ಹೆಚ್ಚು ಬ್ಯಾಟರಿಯದ್ದೇ. ಜರ್ಮನಿಯಲ್ಲಿ ಚಳಿ ಅದರ ಬಲ ಕುಗ್ಗಿಸುತ್ತದೆ, ನಮ್ಮಲ್ಲಿ ಬಿಸಿಲು ಅದರ ಆಯಸ್ಸನ್ನೇ ತಿನ್ನುತ್ತದೆ. ಕೀ ತಿರುಗಿಸಿದಾಗ ‘ಟಿಕ್ ಟಿಕ್’ ಅಂದು ಡ್ಯಾಶ್‌ಬೋರ್ಡ್ ದೀಪ ಮಂಕಾದರೆ ಬ್ಯಾಟರಿ. ಸೆಲ್ಫ್ ಜೋರಾಗಿ ಹೊಡೆದೂ ಇಂಜಿನ್ ಹಿಡಿಯದಿದ್ದರೆ ತೊಂದರೆ ಬೇರೆ ಕಡೆ, ಆಗ ಎಷ್ಟು ತಳ್ಳಿದರೂ ವ್ಯರ್ಥ. ಆದರೆ ನಮ್ಮಲ್ಲಿ ಯಾವುದೇ ಗಾಡಿ ನಿಂತರೂ ಮೊದಲ ಸಲಹೆ ‘ತಳ್ಳಿ ಸ್ಟಾರ್ಟ್ ಮಾಡೋಣ ಸಾರ್’. ಐದು ಜನ ಅಪರಿಚಿತರು ಸೇರಿ ‘ಹೂಂ, ಹಾಕಿ!’ ಅಂತ ತಳ್ಳುವ ದೃಶ್ಯ ಜರ್ಮನಿಯಲ್ಲಿ ಹುಡುಕಿದರೂ ಸಿಗದು, ನನಗೆ ಅದರ ಮೇಲೆ ಪ್ರೀತಿಯೇ. ಆದರೂ ಅದಕ್ಕೆ ನಿಯಮಗಳಿವೆ. ಮ್ಯಾನುವಲ್ ಗೇರಿನ ಗಾಡಿಗೆ ಮಾತ್ರ ಸರಿ, ಆಟೋಮ್ಯಾಟಿಕ್‌ಗೆ ತಳ್ಳಬಾರದು. ಕೀ ಆನ್ ಇರಬೇಕು, ಎರಡನೇ ಗೇರ್ ಹಾಕಿ ಕ್ಲಚ್ ಒತ್ತಿರಬೇಕು, ಓಡುವ ವೇಗ ಬಂದಾಗ ಕ್ಲಚ್ ಫಟ್ಟನೆ ಬಿಟ್ಟು, ಹಿಡಿದ ಕೂಡಲೇ ಮತ್ತೆ ಒತ್ತಬೇಕು. ಇಂಜಿನ್ ಓಡದಾಗ ಬ್ರೇಕ್ ಕಲ್ಲಿನಂತೆ ಗಟ್ಟಿ, ಸ್ಟೀರಿಂಗೂ ಭಾರ. ಇಳಿಜಾರಿನಲ್ಲಿ ತಳ್ಳುವವರಿಗೆ ಇದನ್ನು ಮೊದಲೇ ಹೇಳಿರಬೇಕು, ಮುಂದೆ ಯಾರೂ ನಿಂತಿರಬಾರದು. ಬ್ಯಾಟರಿ ಪೂರ್ತಿ ಸತ್ತು ಡ್ಯಾಶ್‌ಬೋರ್ಡ್ ದೀಪವೇ ಬರದಿದ್ದರೆ ತಳ್ಳಿ ಪ್ರಯೋಜನವಿಲ್ಲ, ಈಗಿನ ಗಾಡಿಯ ಪೆಟ್ರೋಲ್ ಪಂಪಿಗೂ ಕಂಪ್ಯೂಟರಿಗೂ ಕರೆಂಟ್ ಬೇಕು. ಎರಡು ಮೂರು ಸಲ ಯತ್ನಿಸಿ ಬಿಟ್ಟುಬಿಡಿ. ಉರಿಯದ ಪೆಟ್ರೋಲ್ ಸೈಲೆನ್ಸರಿಗೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಹುದು.

ಜಂಪ್ ಕೇಬಲ್ ಇದ್ದರೆ ಕ್ರಮ ಹೀಗೆ. ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೇ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೇ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ಸತ್ತ ಗಾಡಿಯ ಇಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ, ಬ್ಯಾಟರಿಯ ಮೇಲೆ ಹೈಡ್ರೋಜನ್ ಇರಬಹುದು, ಅದಕ್ಕೇ ಈ ದೂರ. ಸಹಾಯದ ಗಾಡಿ ಮೂರರಿಂದ ಐದು ನಿಮಿಷ ಓಡಲಿ, ಆಮೇಲೆ ಸೆಲ್ಫ್ ಹೊಡೆಯಿರಿ. ಶುರುವಾದ ಮೇಲೆ ಕೇಬಲ್ ಕೀಳುವ ಮುಂಚೆ ಬ್ಲೋವರ್ ಅಥವಾ ಹಿಂದಿನ ಗಾಜಿನ ಹೀಟರ್ ಹಾಕಿಕೊಂಡರೆ ಥಟ್ಟನೆ ಏರುವ ವೋಲ್ಟೇಜನ್ನು ಅದು ತಡೆದುಕೊಳ್ಳುತ್ತದೆ. ಕೀಳುವುದು ಜೋಡಿಸಿದ್ದಕ್ಕೆ ಉಲ್ಟಾ ಕ್ರಮದಲ್ಲಿ. ಪ್ಲಸ್ ಮೈನಸ್ ಅದಲುಬದಲಾದರೆ ಆಲ್ಟರ್ನೇಟರಿನ ಡಯೋಡ್, ಮುಖ್ಯ ಫ್ಯೂಸ್, ಕೆಲವೊಮ್ಮೆ ಇಸಿಯು ಅನ್ನುವ ಗಾಡಿಯ ಕಂಪ್ಯೂಟರ್ ಕೂಡ ಸುಟ್ಟುಹೋಗುತ್ತದೆ, ಸಹಾಯಕ್ಕೆ ನಿಂತವರ ಗಾಡಿಯದ್ದೂ. ರಸ್ತೆಬದಿ ಸಿಗುವ ತೆಳು ತಂತಿಯ ಕೇಬಲ್ ಬಿಸಿಯಾಗುತ್ತದೆಯೇ ಹೊರತು ಗಾಡಿ ಎಬ್ಬಿಸುವುದಿಲ್ಲ. ತಾಮ್ರದ್ದಾಗಿ ಪೆಟ್ರೋಲ್ ಕಾರಿಗೆ 16, ಡೀಸೆಲ್‌ಗೆ 25 ಚದರ ಮಿಲಿಮೀಟರ್ ಇರಲಿ. ನಿಮ್ಮದು ಹೈಬ್ರಿಡ್ ಆಗಿದ್ದರೆ ಬೇರೆಯವರಿಗೆ ಕರೆಂಟ್ ಕೊಡಲು ಹೋಗಬೇಡಿ, ಹೆಚ್ಚಿನ ಕಂಪನಿಗಳು ಅದನ್ನು ಬೇಡ ಅನ್ನುತ್ತವೆ. ಇಲ್ಲ ಅಂತ ಹೇಳುವುದೂ ಕೆಲವೊಮ್ಮೆ ಉಪಕಾರವೇ.

ಪಂಕ್ಚರ್ ವಿಷಯದಲ್ಲಿ ನಮ್ಮೂರು ಗೆಲ್ಲುತ್ತದೆ, ಸಂಶಯವೇ ಇಲ್ಲ. ಜರ್ಮನಿಯ ಈಗಿನ ಕಾರುಗಳಲ್ಲಿ ಸ್ಟೆಪ್ನಿಯೇ ಇಲ್ಲದ್ದು ಬಹಳ. ಒಂದು ಬಾಟಲಿ ಅಂಟು ದ್ರವ, ಒಂದು ಪುಟ್ಟ ಗಾಳಿ ಪಂಪು. ಮೊಳೆ ಚುಚ್ಚಿದ ತೂತಿಗೆ ಅದು ಸಾಕು, ಟೈರಿನ ಪಕ್ಕ ಹರಿದಿದ್ದರೆ ಏನೂ ಮಾಡದು. ನಮ್ಮ ರಸ್ತೆಯಲ್ಲಿ ಮರಕ್ಕೆ ಹಳೇ ಟೈರ್ ನೇತುಹಾಕಿದ್ದು ಕಂಡರೆ ಅಲ್ಲಿ ಪಂಕ್ಚರ್ ಅಂಗಡಿ, ಟ್ಯೂಬ್‌ಲೆಸ್ ಟೈರನ್ನು ಬಿಚ್ಚದೆಯೇ ಹತ್ತು ನಿಮಿಷದಲ್ಲಿ ರಬ್ಬರ್ ಎಳೆ ತುರುಕಿ ಮುಗಿಸುತ್ತಾರೆ. ಸ್ಟೆಪ್ನಿ ಹಾಕಲು ಕೈ ಜೋಡಿಸುವವರಿಗೂ ಕೊರತೆಯಿಲ್ಲ. ಅವಸರದಲ್ಲಿ ಮರೆಯುವುದು ಎರಡು. ಗಾಡಿ ಎತ್ತುವ ಮುಂಚೆಯೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಬೇಕು, ಎತ್ತಿದ ಮೇಲೆ ಬಲ ಹಾಕಿದರೆ ಜಾಕ್ ಜಾರುತ್ತದೆ. ಮಣ್ಣಿನ ನೆಲದಲ್ಲಿ ಜಾಕ್ ಕೆಳಗೆ ಹಲಗೆಯೋ ಚಪ್ಪಟೆ ಕಲ್ಲೋ ಬೇಕು, ಎದುರು ಮೂಲೆಯ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಬೇಕು.

ಕೊನೆಗೆ ಬಿಗಿಸುವಾಗ ಯಾರೋ ಒಬ್ಬರು ಸ್ಪ್ಯಾನರ್ ಮೇಲೆ ಹತ್ತಿ ನಿಲ್ಲುತ್ತಾರೆ. ‘ಇನ್ನು ಅಲ್ಲಾಡಲ್ಲ ಬಿಡಿ ಸಾರ್.’ ಅಲ್ಲಾಡುವುದಿಲ್ಲ ನಿಜ, ಮುಂದಿನ ಸಲ ಬಿಚ್ಚಲೂ ಬರುವುದಿಲ್ಲ. ಸಾಮಾನ್ಯ ಕಾರಿನ ನಟ್‌ಗೆ ಬೇಕಾದ್ದು 90ರಿಂದ 120 ನ್ಯೂಟನ್ ಮೀಟರ್. ಕಾಲು ಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ 70 ಕಿಲೋ ಆಳು ನಿಂತರೆ 170 ದಾಟುತ್ತದೆ, ಬೋಲ್ಟಿನ ಮರೆ (ಥ್ರೆಡ್) ಕಿತ್ತುಬರಬಹುದು. ಕೈಯಿಂದ ಒತ್ತಿ, ಒಂದು ಬಿಟ್ಟು ಎದುರಿನದನ್ನು ಬಿಗಿಸುತ್ತಾ ಹೋದರೆ ಸಾಕು, 50 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು. ಸಪೂರದ ಸ್ಟೆಪ್ನಿಯಾದರೆ ಅದರ ಮೇಲೆ ಬರೆದ ಗಂಟೆಗೆ 80 ಕಿ.ಮೀ. ವೇಗಮಿತಿ ಅಲಂಕಾರಕ್ಕಲ್ಲ.

ಹಗ್ಗ ಕಟ್ಟಿ ಎಳೆಯುವುದು ಕೊನೆಯ ದಾರಿ. ಆಟೋಮ್ಯಾಟಿಕ್ ಕಾರನ್ನೂ ಎಲೆಕ್ಟ್ರಿಕ್ ಕಾರನ್ನೂ ಚಕ್ರದ ಮೇಲೆ ಎಳೆಯಕೂಡದು, ಕಾರನ್ನೇ ಮೇಲೆ ಹೇರಿಕೊಂಡು ಹೋಗುವ ಫ್ಲಾಟ್‌ಬೆಡ್ ಗಾಡಿಯೇ ಬೇಕು. ಉಳಿದವಕ್ಕೆ ಕೊಕ್ಕೆ ಬಂಪರಿನ ಸಣ್ಣ ಮುಚ್ಚಳದ ಹಿಂದೆ ಸಿಕ್ಕಿಸುವಂಥದ್ದು, ಸ್ಟೆಪ್ನಿಯ ಪಕ್ಕದ ಸಾಮಾನಿನಲ್ಲಿ ಇರುತ್ತದೆ. ಹಲವು ಯುರೋಪಿಯನ್ ಕಾರುಗಳಲ್ಲಿ ಇದು ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಗೊತ್ತಿಲ್ಲದೆ ‘ಕೂರ್ತಾ ಇಲ್ಲ’ ಅಂತ ಹಗ್ಗವನ್ನು ಚಕ್ರ ಹಿಡಿದಿರುವ ಕೆಳಗಿನ ತೋಳಿಗೆ (ಲೋವರ್ ಆರ್ಮ್) ಕಟ್ಟಿದರೆ ಊರು ಮುಟ್ಟುವಷ್ಟರಲ್ಲಿ ಚಕ್ರದ ಅಲೈನ್‌ಮೆಂಟ್ ಹೋಗಿರುತ್ತದೆ. ಜರ್ಮನಿಯ ನಿಯಮದಲ್ಲಿ ಎರಡು ಗಾಡಿಯ ನಡುವೆ ಅಂತರ 5 ಮೀಟರ್ ಮೀರಬಾರದು, ಹಗ್ಗದ ನಡುವೆ ಕೆಂಪು ಬಟ್ಟೆ ಇರಬೇಕು, ಎರಡೂ ಗಾಡಿಯ ನಾಲ್ಕೂ ಇಂಡಿಕೇಟರ್ ಉರಿಯುತ್ತಿರಬೇಕು, ಆಟೋಬಾನ್‌ನಲ್ಲಿದ್ದರೆ ಮೊದಲ ಎಕ್ಸಿಟ್‌ನಲ್ಲಿ ಇಳಿಯಲೇಬೇಕು. ಈ ನಾಲ್ಕನ್ನೂ ನಾವು ಹಾಗೇ ಎತ್ತಿಕೊಳ್ಳಬಹುದು. ಎಳೆಸಿಕೊಳ್ಳುವ ಗಾಡಿಯ ಕೀ ಆನ್ ಇರಲಿ, ಇಲ್ಲದಿದ್ದರೆ ತಿರುವಿನಲ್ಲಿ ಸ್ಟೀರಿಂಗ್ ಲಾಕ್ ಆಗುತ್ತದೆ.

ಕಾನೂನಿನ ಮಾತನ್ನೂ ಆಡಿಬಿಡುತ್ತೇನೆ, ಇದರಲ್ಲಿ ಗೊಂದಲ ಜಾಸ್ತಿ. ಜರ್ಮನಿಯ ದಂಡಸಂಹಿತೆಯ 323ಸಿ ಪ್ರಕಾರ ಅಪಘಾತದಲ್ಲಿ ಸಾಧ್ಯವಿದ್ದೂ ನೆರವಾಗದೆ ಹೋದರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ. ಬರೀ ಕೆಟ್ಟು ನಿಂತ ಗಾಡಿಗೆ ಇದು ಅನ್ವಯಿಸುವುದಿಲ್ಲ. ಡ್ರೈವಿಂಗ್ ಲೈಸೆನ್ಸ್ ಬೇಕಾದರೆ 45 ನಿಮಿಷದ 9 ಪಾಠಗಳ ಪ್ರಥಮ ಚಿಕಿತ್ಸೆ ತರಬೇತಿ ಕಡ್ಡಾಯ, ಅಂದರೆ ರಸ್ತೆಯಲ್ಲಿರುವ ಪ್ರತಿಯೊಬ್ಬ ಹೊಸ ಡ್ರೈವರಿಗೂ ಒಮ್ಮೆಯಾದರೂ ಬ್ಯಾಂಡೇಜ್ ಕಟ್ಟಿ ಗೊತ್ತು. ನಮ್ಮಲ್ಲಿ ತೊಂದರೆ ಇದ್ದದ್ದು ಬೇರೆ: ನೆರವಾಗುವ ಮನಸ್ಸಿತ್ತು, ಪೊಲೀಸ್ ಠಾಣೆ, ಕೋರ್ಟು ಅಲೆಯುವ ಭಯ ಅದಕ್ಕೆ ಅಡ್ಡ ಬರುತ್ತಿತ್ತು. ಅದಕ್ಕಾಗಿ ಕಾನೂನು ಮಾಡಿದ ಮೊದಲ ರಾಜ್ಯ ನಮ್ಮದೇ, ಅದು 2016ರ ಕಾಯ್ದೆ. ಅದೇ ವರ್ಷ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಮಾರ್ಗಸೂಚಿ ಒಪ್ಪಿತು, 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 134ಎ ಸೇರಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಿ ಅಂತ ಒತ್ತಾಯಿಸುವಂತಿಲ್ಲ. ಅಲ್ಲಿ ಕಾನೂನು ಓಡಿಹೋಗುವವನನ್ನು ಹಿಡಿಯುತ್ತದೆ, ಇಲ್ಲಿ ನಿಂತವನಿಗೆ ಬೆನ್ನಾಗಿ ನಿಲ್ಲುತ್ತದೆ. ಎರಡು ಸಮಾಜಗಳು ತಮ್ಮ ತಮ್ಮ ಜನರನ್ನು ಏನಂದುಕೊಂಡಿವೆ ಎಂಬುದು ಇದರಲ್ಲೇ ಕಾಣುತ್ತದೆ, ಈ ಒಂದು ವಿಷಯದಲ್ಲಿ ನನಗೆ ನಮ್ಮ ಕಾನೂನಿನ ಮೇಲೇ ಅಭಿಮಾನ.

ಮೋಸ ಎರಡೂ ಕಡೆ ಇದೆ. ಗಾಡಿ ಕೆಟ್ಟಂತೆ ನಿಂತು, ಕೈಬೀಸಿ ನಿಲ್ಲಿಸಿ, ಪೆಟ್ರೋಲಿಗೆ ದುಡ್ಡಿಲ್ಲ ಅಂತ ಬಂಗಾರದ ಹಾಗೆ ಹೊಳೆಯುವ ಉಂಗುರ ಕೊಟ್ಟು ಯೂರೋ ಪಡೆಯುವ ಗುಂಪುಗಳ ಬಗ್ಗೆ ಜರ್ಮನ್ ಪೊಲೀಸರು ಎಚ್ಚರಿಸುತ್ತಲೇ ಇರುತ್ತಾರೆ. ಅದಕ್ಕೆ ಹೆಸರೇ ‘ಆಟೋಬಾನ್ ಬಂಗಾರ’, ಉಂಗುರ ಹಿತ್ತಾಳೆಯದ್ದು. ನಮ್ಮಲ್ಲಿ ಕಾರು ರಸ್ತೆಯಿಂದ ಪೂರ್ತಿ ಹೊರಗಿದ್ದು ನೀವು ಒಳಗೆ ಕೂತಿರುವಾಗ, ರಾತ್ರಿ ಹೊತ್ತು ಅಪರಿಚಿತರು ಬಂದರೆ ಗಾಜನ್ನು ಎರಡು ಬೆರಳಷ್ಟೇ ಇಳಿಸಿ ಮಾತಾಡುವುದು, ‘1033ಕ್ಕೆ ಹೇಳಿದ್ದೇವೆ, ಬರ್ತಿದ್ದಾರೆ’ ಅನ್ನುವುದು, ಮನೆಯವರಿಗೆ ಲೈವ್ ಲೊಕೇಶನ್ ಕಳಿಸುವುದು ಯಾರಿಗೂ ಅವಮಾನವಲ್ಲ. ನಿಜವಾಗಿ ನೆರವಿಗೆ ಬಂದವರು ಅದನ್ನು ಅರ್ಥ ಮಾಡಿಕೊಂಡು ಸ್ವಲ್ಪ ದೂರವೇ ನಿಲ್ಲುತ್ತಾರೆ.

ದುಡ್ಡಿನ ವಿಷಯ ಅಲ್ಲಿ ಸಲೀಸು. ಹಳದಿ ಗಾಡಿಯವರಿಗೆ ಕಾಫಿಗೆ ಅಂತ ಐದೋ ಹತ್ತೋ ಯೂರೋ ಕೊಟ್ಟರೆ ಥ್ಯಾಂಕ್ಸ್ ಹೇಳಿ ಜೇಬಿಗಿಳಿಸುತ್ತಾರೆ. ನಮ್ಮಲ್ಲಿ ಹಾಗಲ್ಲ, ಯಾರಿಗೆ ಕೊಡಬೇಕು ಎಂಬುದೇ ಒಂದು ವಿದ್ಯೆ. ಮೆಕ್ಯಾನಿಕ್ ಕೆಲಸಕ್ಕೆ ಬಂದವನು, ಅವನ ಕೂಲಿ ಮೊದಲೇ ಕೇಳಿ, ಮುಗಿದ ಮೇಲೆ ಚೌಕಾಶಿ ಮಾಡದೆ ಕೊಡಬೇಕು. ತನ್ನ ಬೈಕಿನಲ್ಲಿ ಬಂಕಿಗೆ ಹೋಗಿ ಬಂದವರಿಗೆ ಪೆಟ್ರೋಲಿನ ದುಡ್ಡು ಪೈಸಾ ಪೈಸೆ ಕೊಡಿ, ಅದರ ಮೇಲೆ ನೋಟು ಚಾಚಿದರೆ ಮುಖ ಸಣ್ಣದಾಗುತ್ತದೆ. ‘ಇರಲಿ ಬಿಡಿ ಸಾರ್’ ಅನ್ನುತ್ತಾರೆ. ಮೊದಲ ಸಲದ ‘ಇರಲಿ ಬಿಡಿ’ ಸಂಕೋಚದ್ದು ಇರಬಹುದು, ಎರಡನೇ ಸಲ ಕೈ ಹಿಂದಕ್ಕೆಳೆದುಕೊಂಡು ಹೇಳಿದರೆ ಅಲ್ಲಿಗೆ ನಿಲ್ಲಿಸಿ. ಹತ್ತಿರ ಗೂಡಂಗಡಿ ಇದ್ದರೆ ಎಲ್ಲರಿಗೂ ಟೀ ಹೇಳಿ, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ.

ಹೊರಡುವ ಮುನ್ನ ಡಿಕ್ಕಿ ನೋಡಿಕೊಳ್ಳಿ, ಗಡಿಬಿಡಿಯಲ್ಲಿ ಅವರ ಸ್ಪ್ಯಾನರ್ ನಿಮ್ಮ ಸಾಮಾನಿನ ಜೊತೆ ಸೇರಿರುತ್ತದೆ. ತ್ರಿಕೋನ ತರಲು ಮತ್ತೆ ಆ ಇನ್ನೂರು ಹೆಜ್ಜೆ, ಹೋದ ದಾರಿಯಲ್ಲೇ, ಬೇಲಿಯ ಆಚೆಯಿಂದ. ಕಲ್ಲು ಇಟ್ಟಿದ್ದರೆ ಅವನ್ನೂ ಎಣಿಸಿ, ಇಟ್ಟಷ್ಟನ್ನೂ ಚರಂಡಿಯ ಆಚೆಗೆ ಉರುಳಿಸಿ. ಸಹಾಯಕ್ಕೆ ಬಂದ ಬೈಕಿನವರು ಮನೆಗೆ ವಾಪಸ್ ಹೋಗುವುದು ಕತ್ತಲಾದ ಮೇಲೆ, ಅದೇ ರಸ್ತೆಯಲ್ಲಿ.